380 ರೂಪಾಯಿಯ ರಿಲೇ, 41,800 ರೂಪಾಯಿಯ ಬಿಲ್: ಗ್ಯಾರೇಜಿನ ತಪ್ಪಿಗೆ ಪರಿಹಾರದ ಲೆಕ್ಕ ಹಾಕುವುದು ಹೇಗೆ?

ಸಕಲೇಶಪುರದ ಮೆಕ್ಯಾನಿಕ್ ನನ್ನ ಅಂಗೈ ಮೇಲಿಟ್ಟ ವಸ್ತು ಬೆಂಕಿಪೊಟ್ಟಣಕ್ಕಿಂತ ಚಿಕ್ಕದು. ಕಪ್ಪು ಪ್ಲಾಸ್ಟಿಕ್ಕಿನ ಪುಟ್ಟ ಡಬ್ಬಿ, ಅದಕ್ಕೆ ಲೋಹದ ನಾಲ್ಕು ಕಾಲು. ಒಂದು ಕಾಲಿನ ಬುಡದಲ್ಲಿ ಪ್ಲಾಸ್ಟಿಕ್ ಸುಟ್ಟು ಗುಳ್ಳೆಯೆದ್ದಿತ್ತು. ರೇಡಿಯೇಟರ್ ಫ್ಯಾನಿಗೆ ಕರೆಂಟು ಹಾಯಿಸುವ ರಿಲೇ ಅದು. ಹೊಸದರ ಬೆಲೆ 380 ರೂಪಾಯಿ. ಅದಕ್ಕೆ ಮೂರು ವಾರ ಮೊದಲು, ಕಾರು ಬಿಸಿಯಾಗುವ ಇದೇ ತೊಂದರೆಗಾಗಿ, ನಮ್ಮೂರಿನ ಗ್ಯಾರೇಜಿನವರು ಎಂಜಿನ್ನಿನ ಮೇಲ್ಭಾಗವಾದ ಹೆಡ್ ಬಿಚ್ಚಿ, ಅದರಡಿ ಸೋರಿಕೆ ತಡೆಯುವ ಗ್ಯಾಸ್ಕೆಟ್ ಬದಲಿಸಿ, ಹೆಡ್ಡನ್ನು ಲೇತಿಗೆ ಕೊಟ್ಟು ಫೇಸಿಂಗ್ (ತಳ ತರಿದು ಸಮ ಮಾಡುವುದು) ಮಾಡಿಸಿ 41,800 ರೂಪಾಯಿ ಬಿಲ್ ಮಾಡಿದ್ದರು. ಕುಕ್ಕೆಯಿಂದ ಹಿಂತಿರುಗುವಾಗ ಗುಂಡ್ಯ ದಾಟಿ ಶಿರಾಡಿ ಘಾಟಿ ಹತ್ತತೊಡಗಿದ ಕಾರು, ಲಾರಿಗಳ ಹಿಂದೆ ಎರಡನೇ ಗೇರಿನಲ್ಲಿ ತೆವಳುತ್ತಾ, ಮಾರನಹಳ್ಳಿಯ ಹತ್ತಿರ ಮತ್ತೆ ಹೊಗೆಯಾಡಿತು. ಹಿಂದಿನ ಸೀಟಿನಲ್ಲಿ ಅತ್ತೆ, ಮಾವ ಇಬ್ಬರೂ ಇದ್ದರು. ಆ ಸಂಜೆಯ ಸಿಟ್ಟು ಇನ್ನೂ ನನ್ನಲ್ಲಿದೆ. ಆದರೆ ಸಿಟ್ಟಿಗೆ ಪರಿಹಾರ ಸಿಗುವುದಿಲ್ಲ, ಸಾಬೀತಾದ ನಷ್ಟಕ್ಕೆ ಸಿಗುತ್ತದೆ. ಈ ಎರಡರ ನಡುವಿನ ಅಂತರ ತಿಳಿಯದೆ ಎಷ್ಟೋ ಜನ ಸೋಲುತ್ತಾರೆ ಎಂಬುದು ಮುಂದಿನ ನಾಲ್ಕು ತಿಂಗಳಲ್ಲಿ ನನಗೆ ಮನವರಿಕೆಯಾಯಿತು.

ಮೊದಲು ತಪ್ಪು ಏನೆಂದು ನೋಡೋಣ. ನಮ್ಮ ಕಾರು ಪೇಟೆಯ ವಾಹನ ದಟ್ಟಣೆಯಲ್ಲಿ ನಿಂತಾಗ ಮಾತ್ರ ಬಿಸಿಯಾಗುತ್ತಿತ್ತು. ಹೆದ್ದಾರಿಯಲ್ಲಿ ಎಂಬತ್ತರ ವೇಗದಲ್ಲಿ ಹೋಗುವಾಗ ಎಂಜಿನ್ನಿನ ಬಿಸಿ ತೋರಿಸುವ ಮುಳ್ಳು ಅರ್ಧಕ್ಕಿಂತ ಮೇಲೆ ಏಳುತ್ತಿರಲಿಲ್ಲ. ನಿಂತಾಗ ಎಸಿಯೂ ತಂಪು ಕೊಡುತ್ತಿರಲಿಲ್ಲ. ಕಾರು ವೇಗವಾಗಿ ಓಡುವಾಗ ಎದುರು ಗಾಳಿಯೇ ರೇಡಿಯೇಟರನ್ನು ತಣಿಸುತ್ತದೆ. ನಿಂತಾಗ ಆ ಕೆಲಸ ಫ್ಯಾನಿನದು. ಎಸಿಯ ಬಿಸಿಯನ್ನು ಹೊರಹಾಕುವ ಕಂಡೆನ್ಸರ್ ಇರುವುದೂ ರೇಡಿಯೇಟರಿನ ಮುಂದೆಯೇ. ನಿಂತಾಗ ಎರಡೂ ಕೈಕೊಟ್ಟರೆ ಮೊದಲು ನೋಡಬೇಕಾದದ್ದು ಫ್ಯಾನ್ ತಿರುಗುತ್ತಿದೆಯೇ ಎಂಬುದನ್ನು. ಗ್ಯಾಸ್ಕೆಟ್ ಹೋಗಿದ್ದರೆ ಅದರ ಲಕ್ಷಣಗಳೇ ಬೇರೆ: ಸೈಲೆನ್ಸರಿನಲ್ಲಿ ಬಿಡದೆ ಬಿಳಿ ಹೊಗೆ, ಎಂಜಿನ್ ತಣಿಸುವ ದ್ರವವಾದ ಕೂಲೆಂಟಿನಲ್ಲಿ ಗುಳ್ಳೆ, ನೀರು ಸೇರಿ ಹಾಲು ಬೆರೆಸಿದ ಕಾಫಿಯ ಬಣ್ಣಕ್ಕೆ ತಿರುಗಿದ ಆಯಿಲ್. ಇವು ಯಾವುವೂ ನಮ್ಮ ಕಾರಿನಲ್ಲಿರಲಿಲ್ಲ. ಹೆಡ್ ಬಿಚ್ಚುವ ಮೊದಲು ಮಾಡಬಹುದಾಗಿದ್ದ ಪ್ರೆಶರ್ ಪರೀಕ್ಷೆಯನ್ನೂ ಅವರು ಮಾಡಿರಲಿಲ್ಲ.

ಇಲ್ಲಿ ಒಂದು ಗೆರೆ ಎಳೆಯಲೇಬೇಕು. ಮೆಕ್ಯಾನಿಕ್ ಹೇಳಿದ್ದು ತಪ್ಪಾಯಿತು ಎಂಬುದೊಂದೇ ಕಾರಣಕ್ಕೆ ಆತ ಪರಿಹಾರ ಕೊಡಬೇಕಾಗಿಲ್ಲ. ಸೆನ್ಸರ್, ವೈರಿಂಗ್‌ಗಳ ಕಾಯಿಲೆಗಳಲ್ಲಿ ಒಳ್ಳೆಯ ಕೈಗಳೂ ಎಡವುತ್ತವೆ. ‘ಇದೇ ಎಂದು ಖಾತ್ರಿಯಿಲ್ಲ, ಮೊದಲು ಇದನ್ನು ಬದಲಿಸಿ ನೋಡೋಣ, ಇಷ್ಟು ಖರ್ಚಾಗುತ್ತದೆ’ ಎಂದು ಮುಂಚೆಯೇ ಹೇಳಿ, ನಮ್ಮ ಒಪ್ಪಿಗೆ ಪಡೆದು ಕೆಲಸ ಮಾಡಿದವರ ಮೇಲೆ ದೂರು ಹೇಳುವುದು ನ್ಯಾಯವಲ್ಲ. 2020ರ ಜುಲೈ 20ರಿಂದ ಜಾರಿಗೆ ಬಂದ ಗ್ರಾಹಕ ಸಂರಕ್ಷಣಾ ಕಾಯ್ದೆ 2019 ‘ಸೇವಾ ನ್ಯೂನತೆ’ ಎಂದು ಕರೆಯುವುದು, ಕೆಲಸದ ಗುಣಮಟ್ಟದಲ್ಲಿನ ಕೊರತೆಯನ್ನು ಮತ್ತು ನಷ್ಟ ತರುವ ನಿರ್ಲಕ್ಷ್ಯವನ್ನು. ಗ್ರಾಹಕರಿಗೆ ತಿಳಿಸಬೇಕಾದ ಮಾಹಿತಿಯನ್ನು ಬೇಕೆಂದೇ ಮುಚ್ಚಿಡುವುದನ್ನೂ ಈ ಕಾಯ್ದೆ ಅದರೊಳಗೆ ಸೇರಿಸಿದೆ. ಹಾಗಾಗಿ ಕೇಳಬೇಕಾದ ಪ್ರಶ್ನೆ ಇದು: ಆ ಕೆಲಸ ಬಲ್ಲ ಸಾಮಾನ್ಯ ಮೆಕ್ಯಾನಿಕ್ ಮೊದಲು ಏನನ್ನು ನೋಡುತ್ತಿದ್ದರು, ಇವರು ಅದನ್ನು ನೋಡಿದರೇ?

ರೋಗ ಸರಿಯಾಗಿ ಗುರುತಿಸಿ ಕೈಕೆಲಸ ಕೆಡಿಸುವುದು ಇನ್ನೊಂದು ಬಗೆ. ನಷ್ಟ ದೊಡ್ಡದಾಗುವುದು ಸಾಮಾನ್ಯವಾಗಿ ಅಲ್ಲಿಯೇ. ಆಯಿಲ್ ಬದಲಿಸಿ ಡ್ರೇನ್ ಬೋಲ್ಟ್ ಸರಿಯಾಗಿ ಬಿಗಿಸದಿದ್ದರೆ ಆಯಿಲ್ ಸೋರಿ ಎಂಜಿನ್ ಸೀಜ್ ಆಗುತ್ತದೆ, ಅಂದರೆ ಬಿಗಿದುಕೊಂಡು ನಿಂತುಬಿಡುತ್ತದೆ. ಟೈಮಿಂಗ್ ಬೆಲ್ಟ್ ಹಾಕುವಾಗ ಗುರುತು ತಪ್ಪಿದರೆ ಕೆಲವು ಎಂಜಿನ್‌ಗಳಲ್ಲಿ ಪಿಸ್ಟನ್ನು ವಾಲ್ವಿಗೆ ಬಡಿದು ಬಾಗಿಸಿಬಿಡುತ್ತದೆ. ಇಂಥ ಕಡೆ ತಪ್ಪು ಯಾರದೆಂಬ ವಾದಕ್ಕೆ ಜಾಗ ಕಡಿಮೆ, ಮೊತ್ತದ ವಾದವೇ ಹೆಚ್ಚು. ರೋಗ ಗುರುತಿಸುವಲ್ಲಿನ ತಪ್ಪಿನದು ಇದಕ್ಕೆ ತದ್ವಿರುದ್ಧ. ಅಲ್ಲಿ ತಪ್ಪನ್ನು ತೋರಿಸುವುದೇ ಕಷ್ಟ, ಏಕೆಂದರೆ ತಪ್ಪಾದ ಜಾಗದಲ್ಲಿ ಕೆಲಸವೇನೋ ಅಚ್ಚುಕಟ್ಟಾಗಿಯೇ ನಡೆದಿರುತ್ತದೆ.

ನಮ್ಮ ಪ್ರಕರಣವನ್ನು ಉಳಿಸಿದ್ದು ಸಕಲೇಶಪುರದ ಆ ಮೆಕ್ಯಾನಿಕ್ಕಿನ ಒಂದು ಮಾತು. ಟೋಯಿಂಗ್ ಗಾಡಿಯಿಂದ ಕಾರು ಇಳಿದ ಕೂಡಲೇ ನಾನು ಬಾನೆಟ್ ಎತ್ತಲು ಹೋದೆ. ಅವರು ಕೈ ಅಡ್ಡ ಹಿಡಿದರು: ‘ಸರ್, ನಾನು ಕೈ ಹಾಕುವ ಮೊದಲು ನೀವು ಮೊಬೈಲ್ ತೆಗೆಯಿರಿ. ಬಿಚ್ಚಿದ ಮೇಲೆ ನಾನು ಏನು ಹೇಳಿದರೂ ಅದು ಬರೀ ಮಾತು.’ ಮೊದಲು ಓಡೋಮೀಟರಿನ ಅಂಕಿ, ಆಮೇಲೆ ನಂಬರ್ ಪ್ಲೇಟು. ಎಂಜಿನ್ ತಣ್ಣಗಾಗುವವರೆಗೆ ಕಾದು, ಕೂಲೆಂಟ್ ತುಂಬಿ, ಚಾಲೂ ಮಾಡಿದೆವು. ಮುಳ್ಳು ಏರತೊಡಗಿತು, ಫ್ಯಾನ್ ಅಲುಗಲಿಲ್ಲ. ಆಗ ಅವರು ಫ್ಯೂಸ್ ಬಾಕ್ಸ್ ತೆರೆದು, ಅದೇ ಅಳತೆಯ ಹಾರ್ನ್ ರಿಲೇಯನ್ನು ಕಿತ್ತು ಫ್ಯಾನಿನ ರಿಲೇ ಇದ್ದ ಜಾಗಕ್ಕೆ ಒತ್ತಿದರು. ಫ್ಯಾನ್ ಗುಂಯ್ಯೆಂದು ತಿರುಗಿತು, ಸ್ವಲ್ಪ ಹೊತ್ತಿನಲ್ಲಿ ಮುಳ್ಳು ಇಳಿಯಿತು. ಆರು ನಿಮಿಷದ ಆ ವಿಡಿಯೋಗೆ ನಮ್ಮ ದೂರಿನ ಮುಕ್ಕಾಲು ತೂಕ. ತಮ್ಮ ಬಿಲ್ಲಿನ ಮೇಲೆಯೇ ಅವರು ‘ಫ್ಯಾನ್ ರಿಲೇ ಸುಟ್ಟಿದ್ದು ಕಾರಣ, ರಿಲೇ ಬದಲಿಸಿದ ಮೇಲೆ ಬಿಸಿಯಾಗುವುದು ನಿಂತಿದೆ’ ಎಂದು ಬರೆದು, ದಿನಾಂಕ, ಕಿಲೋಮೀಟರ್ ನಮೂದಿಸಿ ಸಹಿ ಹಾಕಿದರು. ಸುಟ್ಟ ರಿಲೇಯನ್ನು ಒಂದು ಪ್ಲಾಸ್ಟಿಕ್ ಚೀಲಕ್ಕೆ ಹಾಕಿಕೊಟ್ಟರು.

ಬಹಳ ಜನ ಇದನ್ನು ಹಿಂದುಮುಂದು ಮಾಡುತ್ತಾರೆ. ಎರಡನೆಯ ಗ್ಯಾರೇಜಿನಲ್ಲಿ ಎಲ್ಲ ಬಿಚ್ಚಿಸಿ, ಸರಿಮಾಡಿಸಿ, ಹಳೆಯ ಭಾಗಗಳನ್ನು ಗುಜರಿಗೆ ಬಿಟ್ಟು, ಕಾರು ಓಡತೊಡಗಿದ ಮೇಲೆ ಮೊದಲನೆಯ ಗ್ಯಾರೇಜಿಗೆ ಹೋಗಿ ಜಗಳವಾಡುತ್ತಾರೆ. ಅಷ್ಟರಲ್ಲಿ ಸಾಕ್ಷ್ಯವೇ ಕರಗಿಹೋಗಿರುತ್ತದೆ. ಇಂಥ ದೂರುಗಳನ್ನು ತೀರ್ಮಾನಿಸುವ ಗ್ರಾಹಕ ಆಯೋಗ ಪಂಚಾಯಿತಿ ಕಟ್ಟೆಯಲ್ಲ; ಯಂತ್ರದ ವಿಷಯದಲ್ಲಿ ಅದು ತಜ್ಞರ ಮಾತನ್ನು ಕೇಳುತ್ತದೆ, ಬೇಕಾದರೆ ವಸ್ತುವನ್ನು ಪ್ರಯೋಗಾಲಯಕ್ಕೂ ಕಳಿಸಬಹುದು. ಪರೀಕ್ಷಿಸಲು ಏನೂ ಉಳಿದಿಲ್ಲದಿದ್ದರೆ ನಮ್ಮ ಮಾತಿಗೆ ಎದುರಾಗಿ ಅವರ ಮಾತು, ಅಷ್ಟೇ. ಕಾರು ರಸ್ತೆಯಲ್ಲಿ ಕೆಟ್ಟು ನಿಂತಿದ್ದರೆ ಬೇರೆ ದಾರಿಯಿಲ್ಲ. ಅದು ಮನೆಯ ಮುಂದೆ ನಿಂತಿದ್ದರೆ, ‘ಇಂಥ ದಿನದೊಳಗೆ ಬಂದು ನೋಡಿ, ಬಾರದಿದ್ದರೆ ಬೇರೆಡೆ ತೋರಿಸುತ್ತೇವೆ’ ಎಂದು ಮೊದಲ ಗ್ಯಾರೇಜಿಗೆ ಬರಹದಲ್ಲಿ ತಿಳಿಸುವುದು ಒಳ್ಳೆಯದು. ತಪ್ಪು ತಿದ್ದಿಕೊಳ್ಳಲು ಅವಕಾಶವನ್ನೇ ಕೊಡಲಿಲ್ಲ ಎಂಬ ವಾದ ಆಗ ಬಿದ್ದುಹೋಗುತ್ತದೆ.

ನಾವು ಎಡವಿದ್ದು ಜಾಬ್ ಕಾರ್ಡಿನಲ್ಲಿ, ಅಂದರೆ ಗಾಡಿ ತೆಗೆದುಕೊಳ್ಳುವಾಗ ಗ್ಯಾರೇಜಿನವರು ದೂರು ಬರೆದುಕೊಳ್ಳುವ ಚೀಟಿಯಲ್ಲಿ. ಗಾಡಿ ಒಪ್ಪಿಸುವಾಗ ಹೇಳಿದ ಮೂರು ಲಕ್ಷಣಗಳಿಗೆ ಬದಲಾಗಿ ಅದರಲ್ಲಿ ‘ಓವರ್‌ಹೀಟಿಂಗ್’ ಎಂಬ ಒಂದೇ ಪದವಿತ್ತು. ಮುಂದೆ ನಾವು ಕಳಿಸಿದ ನೋಟಿಸಿಗೆ ಗ್ಯಾರೇಜಿನವರು ಕೊಟ್ಟ ಮೊದಲ ಉತ್ತರ ಇದನ್ನೇ ಹಿಡಿದಿತ್ತು: ‘ನಮ್ಮಲ್ಲಿ ಬಂದಾಗ ಗ್ಯಾಸ್ಕೆಟ್ ಹೋಗಿತ್ತು, ಬದಲಿಸಿದೆವು, ರಿಲೇ ಆಮೇಲೆ ಸುಟ್ಟಿದೆ.’ ಕೇಳುವುದಕ್ಕೆ ಸರಿಯಾಗಿಯೇ ಇದೆ. ಇದನ್ನು ಮುರಿದದ್ದು ಗಾಡಿ ಬಿಡುವ ಹಿಂದಿನ ಸಂಜೆ ನಾನು ಅವರಿಗೆ ಕಳಿಸಿದ್ದ ವಾಟ್ಸ್ಆ್ಯಪ್ ಸಂದೇಶ: ನಿಂತಾಗ ಮಾತ್ರ ಬಿಸಿ, ಓಡುವಾಗ ಇಲ್ಲ, ನಿಂತಾಗ ಎಸಿ ತಂಪಿಲ್ಲ. ರಿಪೇರಿಗೆ ಮೊದಲು ಇದ್ದ ಲಕ್ಷಣವೇ ರಿಪೇರಿಯ ನಂತರವೂ ಇದ್ದರೆ, ಮೂಲ ಕಾರಣವನ್ನು ಯಾರೂ ಮುಟ್ಟಿರಲಿಲ್ಲ ಎಂದೇ ಅರ್ಥ. ಆ ಸಂದೇಶವಿಲ್ಲದಿದ್ದರೆ ಎಷ್ಟು ವಿಡಿಯೋ ಇದ್ದರೂ ನಮ್ಮ ವಾದ ಕುಂಟುತ್ತಿತ್ತು. ಈಗ ಯಾರು ಕೇಳಿದರೂ ನಾನು ಮೊದಲು ಹೇಳುವುದು ಇದನ್ನೇ: ಜಾಬ್ ಕಾರ್ಡಿನಲ್ಲಿ ನಿಮ್ಮ ದೂರು ನಿಮ್ಮ ಮಾತಿನಲ್ಲೇ ಇರಲಿ, ಕನ್ನಡದಲ್ಲೇ ಬರೆಸಿ, ಅದರ ಫೋಟೊ ತೆಗೆದುಕೊಳ್ಳಿ.

ಇನ್ನು ಮೊತ್ತದ ಲೆಕ್ಕ. ನ್ಯಾಯವಾದ ಪರಿಹಾರಕ್ಕೆ ಅಳತೆಗೋಲು 1872ರ ಕರಾರು ಕಾಯ್ದೆಯಲ್ಲೇ ಇದೆ. ಅದರ 73ನೇ ಕಲಂ ಪ್ರಕಾರ, ಒಪ್ಪಂದ ಮುರಿದದ್ದರಿಂದ ಸಹಜವಾಗಿ ಉಂಟಾಗುವ ನಷ್ಟವನ್ನು ತುಂಬಿಕೊಡಬೇಕು. ದೂರದ, ಸುತ್ತುಬಳಸಿನ ನಷ್ಟಕ್ಕೆ ಪರಿಹಾರವಿಲ್ಲ. ನಷ್ಟವನ್ನು ತಗ್ಗಿಸಲು ನಮ್ಮ ಕೈಯಲ್ಲಿ ಏನು ಸಾಧ್ಯವಿತ್ತು ಎಂಬುದೂ ಲೆಕ್ಕಕ್ಕೆ ಬರುತ್ತದೆ. ಸರಳವಾಗಿ ಹೇಳಿದರೆ, ಕೆಲಸ ಸರಿಯಾಗಿ ನಡೆದಿದ್ದರೆ ನಾವು ಯಾವ ಸ್ಥಿತಿಯಲ್ಲಿರುತ್ತಿದ್ದೆವೋ ಅಲ್ಲಿಗೆ ನಮ್ಮನ್ನು ತಂದು ನಿಲ್ಲಿಸಬೇಕು.

ಈ ಅಳತೆ ಹಿಡಿದಾಗ ನನ್ನ ಮೊದಲ ಪಟ್ಟಿ ಎರಡೂ ಕಡೆ ಬದಲಾಯಿತು. ರಿಲೇಯ 380 ರೂಪಾಯಿ, ಅದನ್ನು ಹಾಕಿದ ಕೂಲಿ 400 ರೂಪಾಯಿ ನಾನು ಕೇಳುವಂತಿರಲಿಲ್ಲ. ಗ್ಯಾರೇಜಿನವರು ಮೊದಲೇ ಸರಿಯಾಗಿ ಪತ್ತೆ ಹಚ್ಚಿದ್ದರೂ ಅದನ್ನು ನಾನೇ ಕೊಡಬೇಕಿತ್ತು. ಬಿಲ್ಲಿನಲ್ಲಿ ಎಂಜಿನ್ ಆಯಿಲ್ ಮತ್ತು ಫಿಲ್ಟರಿಗೆ 2,900 ರೂಪಾಯಿ ಇತ್ತು. ಆಯಿಲ್ ಬದಲಿಸುವ ಕಾಲ ಹೇಗೂ ಬಂದಿತ್ತು, ಅದರ ಪ್ರಯೋಜನ ನನಗೆ ಸಿಕ್ಕಿತು, ಅದನ್ನೂ ಕಳೆದೆ. ಗ್ಯಾಸ್ಕೆಟ್ ಹೊಸದಾಯಿತಲ್ಲ, ಅದೂ ಲಾಭವೇ ಅಲ್ಲವೇ ಎಂದು ಗ್ಯಾರೇಜಿನವರು ಕೇಳಿದರು. ಗ್ಯಾಸ್ಕೆಟ್ ಆಯಿಲ್‌ನಂತೆ ಕಾಲಕಾಲಕ್ಕೆ ಬದಲಿಸುವ ವಸ್ತುವಲ್ಲ. ಅಲ್ಲದೆ, ಚೆನ್ನಾಗಿದ್ದ ಹೆಡ್ಡನ್ನು ತರಿದು ಫೇಸಿಂಗ್ ಮಾಡಿದರೆ ಅದರ ದಪ್ಪ ಕಡಿಮೆಯಾಗುತ್ತದೆ, ಮುಂದೆ ಮತ್ತೊಮ್ಮೆ ಹಾಗೆ ಮಾಡಲು ಇರುವ ಅವಕಾಶ ಕುಗ್ಗುತ್ತದೆ. ಅದು ಲಾಭವಾಗದು. ಉಳಿದ 38,900ಕ್ಕೆ ಟೋಯಿಂಗ್‌ನ 4,500, ಘಾಟಿಯಿಂದ ಮನೆ ತಲುಪಲು ಕೊಟ್ಟ ಟ್ಯಾಕ್ಸಿಯ 2,200 ಸೇರಿಸಿ 45,600 ರೂಪಾಯಿ ಕೇಳಿದೆ. ಪ್ರತಿ ರೂಪಾಯಿಗೂ ಒಂದು ಚೀಟಿಯಿತ್ತು. ನಾನಾಗಿಯೇ ಕಳೆದು ಕೇಳಿದ್ದರಿಂದ ಮಾತುಕತೆಯ ದನಿಯೇ ಬದಲಾಯಿತು ಎಂಬುದು ನನ್ನ ಅನುಭವ.

ಹೊಸ ಕಾರನ್ನೇ ಕೊಡಿ ಎಂದೋ, ಐದು ಲಕ್ಷ ಕೊಡಿ ಎಂದೋ ಕೇಳುವವರಿದ್ದಾರೆ. ಮಾರುತಿ ಉದ್ಯೋಗ್ ವಿರುದ್ಧದ ಒಂದು ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2006ರಲ್ಲೇ ಸ್ಪಷ್ಟಪಡಿಸಿದೆ: ದೋಷ ಒಂದು ಭಾಗದಲ್ಲಿದ್ದರೆ, ವಾರಂಟಿಯಡಿ ಆ ಭಾಗವನ್ನು ಬದಲಿಸಬೇಕೇ ಹೊರತು ಕಾರನ್ನಲ್ಲ. ಮಾನಸಿಕ ವೇದನೆಗೆ ಪರಿಹಾರ ಉಂಟು, ಆದರೆ ಇಂಥ ಪ್ರಕರಣಗಳಲ್ಲಿ ಅದು ಸಾಮಾನ್ಯವಾಗಿ ಕೆಲವು ಸಾವಿರಗಳಲ್ಲಿರುತ್ತದೆ. ಘಾಟಿಯ ತಿರುವಿನಲ್ಲಿ ಕತ್ತಲಾಗುತ್ತಿರುವಾಗ ವಯಸ್ಸಾದವರನ್ನು ಕೂರಿಸಿಕೊಂಡು ಕಾದ ಎರಡು ಗಂಟೆಗೆ ಬೆಲೆ ಕಟ್ಟಲಾಗದು ಎಂಬುದು ನಿಜ. ಆದರೂ ಆಯೋಗದ ಮುಂದೆ ಗಟ್ಟಿಯಾಗಿ ನಿಲ್ಲುವುದು ರಸೀತಿಯಿರುವ ನಷ್ಟ.

ಗ್ಯಾರೇಜುಗಳು ಮುಂದಿಡುವ ಕೆಲವು ಮಾತುಗಳಿಗೆ ಹೆದರಬೇಕಾಗಿಲ್ಲ. ಬಿಲ್ಲಿನ ಕೆಳಗೆ ಸಣ್ಣಕ್ಷರದಲ್ಲಿರುವ ‘ವಾಹನ ಮಾಲೀಕರದೇ ಜವಾಬ್ದಾರಿ’ ಎಂಬ ಸಾಲು ಎಲ್ಲಕ್ಕೂ ಗುರಾಣಿಯಲ್ಲ. ಹೋಟೆಲಿನವರ ಸುಪರ್ದಿಗೆ ಕೊಟ್ಟ ಕಾರು ಕಳುವಾದ ತಾಜ್ ಮಹಲ್ ಹೋಟೆಲ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2019ರ ನವೆಂಬರ್‌ನಲ್ಲಿ, ಪಾರ್ಕಿಂಗ್ ಚೀಟಿಯಲ್ಲಿ ಹಾಗೆ ಮುದ್ರಿಸಿದ ಮಾತ್ರಕ್ಕೆ ತಮ್ಮ ನಿರ್ಲಕ್ಷ್ಯದ ಹೊಣೆಯಿಂದ ತಪ್ಪಿಸಿಕೊಳ್ಳಲಾಗದು ಎಂದಿತು. ಗ್ಯಾರೇಜಿಗೆ ಒಪ್ಪಿಸಿದ ಗಾಡಿಗೂ ಈ ತರ್ಕ ಹೊಂದುತ್ತದೆ. ‘ಬಾಕಿ ಕೊಡದೆ ಗಾಡಿ ಬಿಡುವುದಿಲ್ಲ’ ಎಂಬ ಮಾತಿಗೆ ಮಾತ್ರ ಕಾನೂನಿನ ಬೆಂಬಲವಿದೆ: ವಸ್ತುವಿನ ಮೇಲೆ ಶ್ರಮ, ಕೌಶಲ ಹಾಕಿದವರು ಅದರ ಕೂಲಿ ಬರುವವರೆಗೆ ವಸ್ತುವನ್ನು ಇಟ್ಟುಕೊಳ್ಳಬಹುದು ಎನ್ನುತ್ತದೆ ಕರಾರು ಕಾಯ್ದೆಯ 170ನೇ ಕಲಂ. ಆದರೆ ಆ ಹಕ್ಕು ಒಪ್ಪಿಕೊಂಡ ರೀತಿಯಲ್ಲಿ ಮಾಡಿದ ಕೆಲಸದ ಕೂಲಿಗಷ್ಟೇ. ಗಾಡಿ ತುರ್ತಾಗಿ ಬೇಕಾಗಿದ್ದರೆ, ‘ಆಕ್ಷೇಪಣೆಯೊಂದಿಗೆ ಪಾವತಿಸಿದ್ದೇನೆ’ ಎಂದು ಬಿಲ್ಲಿನ ಮೇಲೆ ಬರೆದು ಹಣ ಕೊಟ್ಟು ಗಾಡಿ ಬಿಡಿಸಿಕೊಳ್ಳುವುದು ಮೇಲು, ಹಕ್ಕು ಹೋಗುವುದಿಲ್ಲ. ಬಿಲ್ಲನ್ನೇ ಕೊಡದಿರುವುದು ಇದೇ ಗ್ರಾಹಕ ಕಾಯ್ದೆಯಡಿ ಅನುಚಿತ ವ್ಯಾಪಾರ ಪದ್ಧತಿ.

ದೂರಿನ ದಾರಿ ನಾವು ಭಾವಿಸುವಷ್ಟು ಕಡಿದಾಗಿಲ್ಲ. ಮೊದಲು ಲಿಖಿತ ನೋಟಿಸ್. ಜಗ್ಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915. ಅದಕ್ಕೂ ಬಗ್ಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗ. ಕೊಟ್ಟ ಹಣ 50 ಲಕ್ಷದೊಳಗಿರುವ ದೂರುಗಳೆಲ್ಲ ಅಲ್ಲಿಗೇ ಹೋಗುತ್ತವೆ. 5 ಲಕ್ಷದವರೆಗೆ ಶುಲ್ಕವಿಲ್ಲ. ಗ್ಯಾರೇಜ್ ಯಾವ ಊರಿನಲ್ಲಿದ್ದರೂ ನಾವು ವಾಸಿಸುವ ಜಿಲ್ಲೆಯಲ್ಲೇ ದೂರು ಕೊಡಬಹುದು. 2025ರ ಜನವರಿಯಲ್ಲಿ ಶುರುವಾದ ಇ-ಜಾಗೃತಿ ಪೋರ್ಟಲ್ ಮೂಲಕ ಮನೆಯಿಂದಲೂ ಸಲ್ಲಿಸಬಹುದು. ವಕೀಲರು ಕಡ್ಡಾಯವಲ್ಲ. ತೊಂದರೆ ಹುಟ್ಟಿದ ದಿನದಿಂದ ಎರಡು ವರ್ಷದೊಳಗೆ ದೂರು ಕೊಡಬೇಕು. ಎದುರು ಪಕ್ಷ 30 ದಿನದಲ್ಲಿ, ಹೆಚ್ಚೆಂದರೆ ಇನ್ನೂ 15 ದಿನದಲ್ಲಿ ಉತ್ತರಿಸಬೇಕು. ಈ 45 ದಿನದ ಗಡಿಯನ್ನು ಆಯೋಗವೂ ಹಿಗ್ಗಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2020ರಲ್ಲಿ ಹೇಳಿದೆ. ಮೂರು ತಿಂಗಳಲ್ಲಿ, ವಸ್ತುವಿನ ಪರೀಕ್ಷೆ ಬೇಕಾದರೆ ಐದು ತಿಂಗಳಲ್ಲಿ ತೀರ್ಮಾನಿಸಲು ಪ್ರಯತ್ನಿಸಬೇಕು ಎಂದು ಕಾಯ್ದೆ ಹೇಳಿದರೂ ಎಷ್ಟೋ ದೂರುಗಳು ಅದನ್ನು ಮೀರಿ ಎಳೆಯುತ್ತವೆ. ಆದ್ದರಿಂದಲೇ ಮಧ್ಯಸ್ಥಿಕೆಯ ದಾರಿಯನ್ನೂ ಕಾಯ್ದೆ ತೆರೆದಿಟ್ಟಿದೆ.

ಗಾಡಿಯಿಂದಲೇ ಹೊಟ್ಟೆ ಹೊರೆಯುವವರ ವಿಷಯ ಇನ್ನೂ ಗಂಭೀರ. ನನ್ನ ಕಾರು ಮೂರು ವಾರ ನಿಂತರೆ ನಾನು ಬಸ್ ಹತ್ತುತ್ತೇನೆ. ಆಟೊ ನಿಂತರೆ ಆ ಮನೆಯ ಒಲೆಗೇ ಕುತ್ತು. ವಾಣಿಜ್ಯ ಉದ್ದೇಶಕ್ಕೆ ಸೇವೆ ಪಡೆದವರು ಗ್ರಾಹಕರಲ್ಲ ಎಂಬ ಸಾಲನ್ನು ತೋರಿಸಿ ಆಟೊ, ಟ್ಯಾಕ್ಸಿ ಚಾಲಕರನ್ನು ಬಾಗಿಲಲ್ಲೇ ತಿರುಗಿಸಲು ನೋಡುವವರಿದ್ದಾರೆ. ಅದು ತಪ್ಪು. ಸ್ವಯಂ ಉದ್ಯೋಗದಿಂದ ಜೀವನೋಪಾಯಕ್ಕೆಂದೇ ವಸ್ತುವನ್ನು ಕೊಂಡು ಬಳಸುವುದು ವಾಣಿಜ್ಯ ಉದ್ದೇಶವಲ್ಲ ಎಂದು ಕಾಯ್ದೆಯ ವಿವರಣೆ ಹೇಳುತ್ತದೆ. 1995ರ ಲಕ್ಷ್ಮಿ ಎಂಜಿನಿಯರಿಂಗ್ ವರ್ಕ್ಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಆಟೊರಿಕ್ಷಾದ್ದೇ ಉದಾಹರಣೆ ಕೊಟ್ಟಿದೆ: ತಾನೇ ಓಡಿಸಿ ಬದುಕುವವರು ಗ್ರಾಹಕರು; ಪೂರ್ತಿಯಾಗಿ ಬೇರೆಯವರಿಂದ ಓಡಿಸುವವರು ಅಲ್ಲ. ನಮ್ಮ ಬೀದಿಯ ಆಟೊ ಚಾಲಕರೊಬ್ಬರ ಗಾಡಿ, ಕ್ಲಚ್ ಕೆಲಸ ಕೆಟ್ಟು ಹನ್ನೊಂದು ದಿನ ನಿಂತಿತ್ತು. ದಿನದ ಸಂಪಾದನೆ ಎಷ್ಟೆಂದು ಸಾಬೀತುಪಡಿಸುವುದು ಹೇಗೆ ಎಂದು ಅವರು ಕೈಚೆಲ್ಲಿದ್ದರು. ಅವರ ಮೊಬೈಲಿನಲ್ಲೇ ಉತ್ತರವಿತ್ತು: ಯುಪಿಐ ಮೂಲಕ ಬಂದ ಬಾಡಿಗೆಗಳ ಆರು ತಿಂಗಳ ಬ್ಯಾಂಕ್ ವಿವರ. ಅದರಿಂದ ದಿನದ ಸರಾಸರಿ ತೆಗೆದು, ಗಾಡಿ ಓಡದೆ ಉಳಿತಾಯವಾದ ಗ್ಯಾಸಿನ ಖರ್ಚನ್ನು ಕಳೆದು, ಹನ್ನೊಂದರಿಂದ ಗುಣಿಸಿ ಬರೆದುಕೊಟ್ಟೆವು. ಕೈಗೆ ಬಂದ ನಗದಿನ ಲೆಕ್ಕ ಅದರಲ್ಲಿ ಸೇರಲಿಲ್ಲ ಎಂಬ ಬೇಸರ ಅವರಿಗಿದೆ, ನನಗೂ ಇದೆ.

ಮೆಕ್ಯಾನಿಕ್ಕುಗಳ ಕಡೆಯಿಂದಲೂ ಒಂದು ಮಾತು ಹೇಳದೆ ಇರಲಾರೆ. ಇಂದಿನ ಗಾಡಿಗಳಲ್ಲಿ ರೋಗ ಪತ್ತೆಗೆ ಸ್ಕ್ಯಾನರ್ ಬೇಕು, ಕಂಪನಿಯ ದುರಸ್ತಿ ಕೈಪಿಡಿ ಬೇಕು, ವೈರಿಂಗ್ ನಕ್ಷೆ ಬೇಕು. ಇವು ಬೀದಿ ಬದಿಯ ಗ್ಯಾರೇಜಿಗೆ ಸುಲಭವಾಗಿ ಸಿಗುವುದಿಲ್ಲ. ಬಿಡಿಭಾಗ ಮತ್ತು ಪರೀಕ್ಷಾ ಉಪಕರಣಗಳನ್ನು ಸ್ವತಂತ್ರ ಗ್ಯಾರೇಜುಗಳಿಗೆ ಸಿಗದಂತೆ ಮಾಡಿದ್ದಕ್ಕಾಗಿ ಭಾರತೀಯ ಸ್ಪರ್ಧಾ ಆಯೋಗ 2014ರ ಆಗಸ್ಟ್‌ನಲ್ಲಿ 14 ಕಾರು ಕಂಪನಿಗಳಿಗೆ 2,500 ಕೋಟಿ ರೂಪಾಯಿಗೂ ಹೆಚ್ಚು ದಂಡ ವಿಧಿಸಿತ್ತು. ಮುಂದೆ ಆ ವಿಷಯ ಮೇಲ್ಮನವಿಗಳಿಗೆ ಹೋಯಿತು. ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ 2022ರಲ್ಲಿ ದುರಸ್ತಿಯ ಹಕ್ಕಿನ ಕುರಿತು ಸಮಿತಿ ರಚಿಸಿದಾಗ ಆರಿಸಿಕೊಂಡ ನಾಲ್ಕು ವಲಯಗಳಲ್ಲಿ ವಾಹನವೂ ಒಂದು. ಮಾಹಿತಿ ಮುಚ್ಚಿಟ್ಟ ಕಂಪನಿಯ ತಪ್ಪಿಗೆ ಎಷ್ಟೋ ಸಲ ಕೊನೆಯಲ್ಲಿ ಸಿಕ್ಕಿಬೀಳುವವರು ಗ್ರೀಸ್ ಮೆತ್ತಿದ ಕೈಯವರು. ಆದರೆ ಫ್ಯಾನ್ ತಿರುಗುತ್ತಿದೆಯೇ ಎಂದು ಬಗ್ಗಿ ನೋಡಲು ಯಾವ ಸ್ಕ್ಯಾನರೂ ಬೇಕಿರಲಿಲ್ಲ. ನಮ್ಮ ಪ್ರಕರಣದಲ್ಲಿ ನಾನು ಹಟ ಬಿಡದಿದ್ದುದು ಅದಕ್ಕಾಗಿ.

ಸಹಾಯವಾಣಿಗೆ ದೂರು ಹೋದ ಮೇಲೆ ಗ್ಯಾರೇಜಿನ ಮಾಲೀಕರು ತಾವೇ ಫೋನ್ ಮಾಡಿದರು. ಮೊದಲು ಒಂದು ಉಚಿತ ಸರ್ವಿಸ್ ಕೊಡುತ್ತೇವೆಂದರು, ಆಮೇಲೆ ಕೂಲಿಯ ಹಣವಷ್ಟೇ ಎಂದರು. ವಿಡಿಯೋ ಮತ್ತು ವಾಟ್ಸ್ಆ್ಯಪ್ ಸಂದೇಶವನ್ನು ಅವರೆದುರು ಮೇಜಿನ ಮೇಲೆ ಅಕ್ಕಪಕ್ಕ ಇಟ್ಟು ತೋರಿಸಿದ ದಿನ ಲೇತಿನ ಖರ್ಚು, ಬಿಡಿಭಾಗ, ಟೋಯಿಂಗ್ ಎಲ್ಲವೂ ಮಾತಿಗೆ ಬಂದವು. 38,000ಕ್ಕೆ ಒಪ್ಪಿದೆವು, ಎರಡು ಕಂತಿನಲ್ಲಿ ಬ್ಯಾಂಕ್ ಖಾತೆಗೆ ಬಂತು. ಮೊದಲ ಕಂತು ಬರುವವರೆಗೆ ಒಪ್ಪಂದದ ಕಾಗದಕ್ಕೆ ನಾನು ಸಹಿ ಹಾಕಲಿಲ್ಲ, ಎರಡನೆಯದು ಬರುವವರೆಗೆ ಸುಟ್ಟ ರಿಲೇಯನ್ನು ಬಿಸಾಡಲೂ ಇಲ್ಲ.